ನಿಯಮ 4 ಮತ್ತು ಕುತ್ತಿಗೆಯ ಗಂಟು

(ವಡೋದರಾದಲ್ಲಿ ನಡೆದ ಅಹಮದಾಬಾದ್, ವಡೋದರಾ ಮತ್ತು ಸೂರತ್ ಸದಸ್ಯರ ವಾರ್ಷಿಕ ಕೂಟದಲ್ಲಿ ವೈದ್ಯಕೀಯ ನೆರವು ಸಮಿತಿಯ ಖಜಾಂಚಿಯವರು ಮಾಡಿದ ಭಾಷಣ)



ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ವೈದ್ಯಕೀಯ ನೆರವು ನಿಧಿಯ ಲೆಕ್ಕಪತ್ರ ಮಂಡನೆ' ಎಂದು ಅಚ್ಚಾಗಿದೆ. ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ, ಲೆಕ್ಕಪರಿಶೋಧಕರ ಸಹಿಯೂ ಬಿದ್ದಿದೆ. ಅದನ್ನು ಓದಿ ಹೇಳಿ ನಿಮ್ಮ ಊಟ ತಡಮಾಡುವುದಿಲ್ಲ. ಆ ಲೆಕ್ಕದಲ್ಲಿ ಕಾಣಿಸದ ಒಂದು ಬಾಬ್ತು ಇದೆ, ಅದರ ಬಗ್ಗೆ ಮಾತನಾಡುತ್ತೇನೆ. ಮೊತ್ತ 7,500 ರೂಪಾಯಿ. 2023ರ ಅಕ್ಟೋಬರಿನಲ್ಲಿ ಒಬ್ಬ ಹುಡುಗ ಕೇಳಿದ, ನಾವು ಕೊಡಲಿಲ್ಲ. ನಾವು ಎಂದರೆ ನಾನು.

ನಾನು ಡಾಕ್ಟರಲ್ಲ. ಬಿ.ಕಾಂ. ಮಾಡಿ, ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಅಧಿಕಾರಿಯಾಗಿ ನಿವೃತ್ತನಾದವನು. ಸೂರತ್ತಿನಲ್ಲಿ ಕೆಲವು ವರ್ಷ, ಅಹಮದಾಬಾದಿನಲ್ಲಿ ಕೆಲವು ವರ್ಷ ಇದ್ದು ಕೊನೆಗೆ ಈ ಊರಿನಲ್ಲಿ ಮನೆ ಮಾಡಿದೆ. ನಾನು ಬರೋಡಾದಲ್ಲಿ ನೆಲೆಸಿದ ಮೇಲೆ, 2019ರ ಏಪ್ರಿಲ್ 1ರಂದು, ನಮ್ಮ ಬ್ಯಾಂಕೂ ನನ್ನ ಹಿಂದೆಯೇ ಬಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಕೊಂಡಿತು ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ವೈದ್ಯಕೀಯದ ಬಗ್ಗೆ ಇವತ್ತು ಹೇಳುವುದೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಡಾಕ್ಟರುಗಳನ್ನು ಕೇಳಿ ಕೇಳಿ ಕಲಿತದ್ದು. ನಮ್ಮ ಸದಸ್ಯರೇ ಆದ ಡಾಕ್ಟರೊಬ್ಬರು ಈ ಬರಹವನ್ನು ಮೊದಲೇ ಓದಿ, ಎರಡು ಕಡೆ ಕೆಂಪು ಶಾಯಿಯಲ್ಲಿ ತಿದ್ದಿಯೂ ಕೊಟ್ಟಿದ್ದಾರೆ.

ಹುಡುಗನ ಹೆಸರು ಹೇಳುವುದಿಲ್ಲ, ಅವನೇ ಬೇಡ ಎಂದಿದ್ದಾನೆ. ಬೈಂದೂರು ಕಡೆಯವನು, ಆಗ 22 ವರ್ಷ. ಸೂರತ್ತಿನ ಒಂದು ಕ್ಯಾಂಟೀನಿನಲ್ಲಿ ಅಡುಗೆಯವರ ಕೈಕೆಳಗೆ ಕೆಲಸ. ಆ ವರ್ಷದ ಗಣೇಶ ಚೌತಿಗೆ ಹೊಸ ಅಂಗಿ ಹಾಕಿಕೊಂಡು ಮೇಲಿನ ಗುಂಡಿ ಹಾಕಲು ಹೋದಾಗ ಎಡಗಡೆ ಕೊರಳೆಲುಬಿನ ಮೇಲೆ ಏನೋ ಕೈಗೆ ಸಿಕ್ಕಿತಂತೆ. ನೆಲ್ಲಿಕಾಯಿ ಗಾತ್ರ. ಒತ್ತಿದರೆ ನೋವಿಲ್ಲ. ನೋವಿಲ್ಲದ್ದರಿಂದ ಸುಮ್ಮನಾದ. ಹದಿನೈದು ದಿನ ಕಳೆದರೂ ಅದು ಹೋಗಲಿಲ್ಲ. ಸಂಜೆ ಸಣ್ಣ ಜ್ವರ ಬರುತ್ತಿತ್ತು, ರಾತ್ರಿ ಬೆವರಿ ಬನಿಯನ್ ಒದ್ದೆಯಾಗುತ್ತಿತ್ತು. ಒಲೆಯ ಮುಂದೆ ದಿನವಿಡೀ ನಿಲ್ಲುವವನಿಗೆ ಬೆವರು ಒಂದು ಲಕ್ಷಣ ಎಂದು ಹೇಗೆ ಹೊಳೆಯಬೇಕು?

ಹತ್ತಿರದ ಕ್ಲಿನಿಕ್ಕಿನಲ್ಲಿ ಐದು ದಿನ ಆಂಟಿಬಯಾಟಿಕ್ ಕೊಟ್ಟರು. ಮತ್ತೆ ಐದು ದಿನ ಬೇರೆ ಕೊಟ್ಟರು. ಆಮೇಲೆ ಯಾರೋ ಹೇಳಿದ್ದಕ್ಕೆ ಒಂದು ಧರ್ಮಾರ್ಥ ಆಸ್ಪತ್ರೆಯ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋದ. ಅವರು ಕುತ್ತಿಗೆ, ಕಂಕುಳು, ಹೊಟ್ಟೆ ಎಲ್ಲ ಮುಟ್ಟಿ ನೋಡಿ ಚೀಟಿಯಲ್ಲಿ ಒಂದೇ ಸಾಲು ಬರೆದರು: ಗಂಟನ್ನು ಇಡಿಯಾಗಿ ತೆಗೆದು ಬಯಾಪ್ಸಿ ಮಾಡಿಸಬೇಕು. ಖರ್ಚು, ಪ್ರಯೋಗಾಲಯದ್ದೂ ಸೇರಿ, ಸುಮಾರು 7,500. ಆ ಚೀಟಿ ಹಿಡಿದುಕೊಂಡು ಅವನು ನಮ್ಮ ಸಂಘಕ್ಕೆ ಅರ್ಜಿ ಹಾಕಿದ.

ನಮ್ಮ ನೆರವು ನಿಯಮಾವಳಿಯ 4ನೇ ನಿಯಮ ಹೀಗಿದೆ: 'ರೋಗನಿರ್ಣಯವಾದ ಬಗ್ಗೆ ನೋಂದಾಯಿತ ವೈದ್ಯರ ಪ್ರಮಾಣಪತ್ರವಿಲ್ಲದ ಅರ್ಜಿಗಳನ್ನು ಪರಿಗಣಿಸತಕ್ಕದ್ದಲ್ಲ.' ಆ 'ತಕ್ಕದ್ದಲ್ಲ' ನನ್ನದೇ ಭಾಷೆ, ಬ್ಯಾಂಕಿನ ಸುತ್ತೋಲೆಯ ಭಾಷೆ. ದಾಖಲೆ ಇಲ್ಲದೆ ಸಾಲ ಕೊಡಬಾರದು ಎಂದು ಮೂವತ್ತಾರು ವರ್ಷ ಕಲಿತವನು ಅದೇ ಬುದ್ಧಿಯನ್ನು ಇಲ್ಲಿಗೂ ತಂದೆ. ಅರ್ಜಿಯ ಮೇಲೆ 'ರೋಗನಿರ್ಣಯ ಪತ್ರ ಲಗತ್ತಿಸಿ ಮರುಸಲ್ಲಿಸಿ' ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ ವಾಪಸು ಕಳಿಸಿದೆ. ರೋಗ ಯಾವುದೆಂದು ತಿಳಿಯಲು ಅವನು ಹಣ ಕೇಳಿದ್ದ. ರೋಗ ಯಾವುದೆಂದು ತಿಳಿಸಿದರೆ ಹಣ ಕೊಡುತ್ತೇವೆ ಎಂದೆವು. ಇದರಲ್ಲಿ ಏನೋ ತಪ್ಪಿದೆ ಎಂದು ಆಗ ನನಗೆ ಅನ್ನಿಸಲೇ ಇಲ್ಲ. ಸೂರತ್ತಿನ ನ್ಯೂ ಸಿವಿಲ್ ಆಸ್ಪತ್ರೆಗೋ ಮಹಾನಗರಪಾಲಿಕೆಯ ಸ್ಮಿಮೇರ್‌ಗೋ ಹೋಗಪ್ಪ, ಅಲ್ಲಿ ತೀರಾ ಕಡಿಮೆಯಲ್ಲಿ ಆಗುತ್ತದೆ ಎಂದು ಒಂದು ಸಾಲಾದರೂ ಬರೆಯಬಹುದಿತ್ತು. ಅದನ್ನೂ ಬರೆಯಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಈ ಗಂಟು ಎಂದರೆ ಏನು ಎಂದು ಹೇಳಬೇಕು. ನಮ್ಮ ಮೈಯಲ್ಲಿ ದುಗ್ಧಗ್ರಂಥಿಗಳು ನೂರಾರು ಇವೆ. ಅವುಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕುತ್ತಿಗೆಯಲ್ಲೇ ಇದೆ. ಅವು ಚೆಕ್‌ಪೋಸ್ಟುಗಳಿದ್ದಂತೆ. ತಲೆ, ಬಾಯಿ, ಹಲ್ಲು, ಗಂಟಲಿನ ಕಡೆಯಿಂದ ಬರುವ ದ್ರವವನ್ನು ಸೋಸಿ, ಅದರಲ್ಲಿ ಸೋಂಕು ಕಂಡರೆ ಅಲ್ಲೇ ಹಿಡಿದು ನಿಲ್ಲಿಸುತ್ತವೆ. ಆ ಕೆಲಸದ ಒತ್ತಡಕ್ಕೆ ಊದಿಕೊಳ್ಳುತ್ತವೆ. ಚಿಕ್ಕಂದಿನಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟಿದ್ದು ನಿಮಗೆ ನೆನಪಿರಬಹುದು. ಕಾಲು ವಾಸಿಯಾದ ಮೇಲೆ ಗಂಟೂ ಹೋಗುತ್ತಿತ್ತು. ಕುತ್ತಿಗೆಯದ್ದೂ ಹಾಗೆಯೇ. ಮಕ್ಕಳಿಗೆ ನೆಗಡಿ, ಗಂಟಲು ನೋವು, ತಲೆಯಲ್ಲಿ ಹೇನು, ಹುಣ್ಣು ಆದರೂ ಗಂಟು ಬರುತ್ತದೆ, ಹೋಗುತ್ತದೆ. ಆದ್ದರಿಂದ ಇಲ್ಲಿ ಕೂತ ತಾಯಂದಿರು ಈಗಲೇ ಮಕ್ಕಳ ಕುತ್ತಿಗೆ ಹಿಸುಕಿ ನೋಡಲು ಶುರುಮಾಡಬೇಡಿ. ಬಟಾಣಿಯಷ್ಟು ಚಿಕ್ಕದು, ಮೆತ್ತಗಿದ್ದು ಬೆರಳಿಗೆ ಜಾರುವಂಥದ್ದು, ಎರಡು ಮೂರು ವಾರದಲ್ಲಿ ಇಳಿಯುವಂಥದ್ದು ಬಹಳಷ್ಟು ಸಲ ಏನೂ ಅಲ್ಲ.

ಗುಜರಾತಿಯವರು ಇದಕ್ಕೆ 'ಗಾಂಠ್' ಎನ್ನುತ್ತಾರೆ. ಹಗ್ಗದ ಗಂಟಿಗೂ ಗಾಂಠ್, ಮೈಯ ಗಡ್ಡೆಗೂ ಗಾಂಠ್. ಕನ್ನಡದಲ್ಲಿ ಗಂಟು ಎಂದರೆ ಇನ್ನೂ ಒಂದು ಅರ್ಥ ಇದೆ, ಕೂಡಿಟ್ಟ ಹಣ. ಖಜಾಂಚಿಯಾಗಿ ನಾನು ಕಾದದ್ದು ಆ ಗಂಟನ್ನು.

ಸೂರತ್ತಿನ ಹಳಬರಿಗೆ ಒಂದು ನೆನಪು ಹೇಳುತ್ತೇನೆ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿಗೆ ಪ್ಲೇಗು ಬಂದಾಗ ನಾನು ಅಲ್ಲಿಯ ಶಾಖೆಯಲ್ಲಿದ್ದೆ. ಅದಕ್ಕೆ ಸ್ವಲ್ಪ ಮೊದಲು ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಗಂಟು ಕಟ್ಟುವ ಪ್ಲೇಗು ಕಾಣಿಸಿಕೊಂಡಿತ್ತು. ಸೂರತ್ತಿನದ್ದು ಶ್ವಾಸಕೋಶದ ಪ್ಲೇಗು. ಲಕ್ಷಗಟ್ಟಲೆ ಜನ ಊರು ಬಿಟ್ಟರು. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಾವು ನಗದು ಕೌಂಟರ್ ನಡೆಸಿದೆವು. ಆ ವಾರ ನಮ್ಮೂರಿನ ಹೋಟೆಲಿನ ಅಡುಗೆಯವರೊಬ್ಬರಿಗೆ ದವಡೆಯ ಕೆಳಗೆ ಗಂಟು ಎದ್ದಿತು. ಅಷ್ಟೇ ಸಾಕಾಯಿತು. ಜೊತೆಯವರೆಲ್ಲ ರಾತ್ರೋರಾತ್ರಿ ಕೋಣೆ ಖಾಲಿಮಾಡಿದರು. ಅವರ ಚಾಪೆ, ಟ್ರಂಕು ಜಗಲಿಗೆ ಬಂತು. 'ಸಂಸ್ಕಾರ'ದ ನಾರಣಪ್ಪನ ಕತೆ ನಮ್ಮ ಕಣ್ಣೆದುರಿಗೇ ಆಗುತ್ತದೆ ಎಂದುಕೊಂಡೆವು. ಕೊನೆಗೆ ಒಬ್ಬ ಡಾಕ್ಟರು ಬಾಯಿ ತೆರೆಸಿ ಟಾರ್ಚು ಹಾಕಿ ನೋಡಿದರೆ ಕೊನೆಯ ದವಡೆಹಲ್ಲು ಕೊಳೆತು ಕೀವು ತುಂಬಿತ್ತು. ಹಲ್ಲು ಕಿತ್ತ ಮೇಲೆ ಹತ್ತು ದಿನದಲ್ಲಿ ಗಂಟು ಮಾಯ. ಭಯಪಟ್ಟು ಓಡಿದ ನಮ್ಮಲ್ಲಿ ಯಾರೂ ಅವರ ಬಾಯಿ ನೋಡಿರಲಿಲ್ಲ.

ಮೊನ್ನೆ ನಮ್ಮ ಡಾಕ್ಟರು ಹೇಳಿದ್ದೂ ಅದೇ. ಕುತ್ತಿಗೆಯ ಗಂಟಿಗೆ ಕಾರಣ ಹುಡುಕುವವರು ಮೊದಲು ಗಂಟನ್ನು ಬಿಟ್ಟು ಸುತ್ತಮುತ್ತ ನೋಡುತ್ತಾರೆ. ಹಲ್ಲು, ನಾಲಗೆಯ ಅಡಿ, ಗಂಟಲು, ನೆತ್ತಿ, ಥೈರಾಯ್ಡು. ನಮ್ಮ ವಡೋದರಾದ ನಿವೃತ್ತ ಸದಸ್ಯರೊಬ್ಬರಿಗೆ ದವಡೆಯ ಕೋನದಲ್ಲಿ ಕಲ್ಲಿನಂತೆ ಗಟ್ಟಿಯಾದ, ಅಲುಗಾಡದ ಗಂಟು ಬಂದಿತ್ತು. ಅವರಿಗೆ ಮಾವಾ ಜಗಿಯುವ ಅಭ್ಯಾಸ. ಎಸ್‌ಎಸ್‌ಜಿ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಬಾಯಿ ನೋಡಿದರು, ನಾಲಗೆಯ ಪಕ್ಕದಲ್ಲಿ ಆರದ ಹುಣ್ಣಿತ್ತು. ಕಾರಣ ಅಲ್ಲೇ ಇತ್ತು, ಕುತ್ತಿಗೆಗೆ ಕತ್ತಿ ಹಾಕುವ ಮೊದಲೇ ಗೊತ್ತಾಯಿತು. ಇಂಥ ಗಂಟನ್ನು ಬಾಯಿ, ಗಂಟಲು ನೋಡದೆ ಮೊದಲೇ ಕೊಯ್ದು ತೆಗೆಯುವುದು ಸರಿಯಲ್ಲವಂತೆ, ಮುಂದಿನ ಚಿಕಿತ್ಸೆಗೆ ತೊಡಕಾಗುತ್ತದಂತೆ. ಗುಜರಾತಿನಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ. ಮಾವಾ ಮಾತ್ರ ಪಾನ್ ಗಲ್ಲೆಗಳಲ್ಲಿ ಪ್ಲಾಸ್ಟಿಕ್ಕಿನಲ್ಲಿ ಉಜ್ಜಿ ಉಜ್ಜಿ ಕೊಡುತ್ತಲೇ ಇದ್ದಾರೆ. ಅದರೊಳಗಿನ ಅಡಿಕೆ ಎಷ್ಟೋ ಸಲ ನಮ್ಮ ಮಂಗಳೂರಿನ ಮಾರುಕಟ್ಟೆಯಿಂದ ಬಂದದ್ದು. ಇಲ್ಲಿ ಅಡಿಕೆ ತೋಟ ಇರುವವರು ಇದ್ದೀರಿ, ನನ್ನ ಮಾವನ ಮನೆಯಲ್ಲೂ ಇದೆ. ಹೆಚ್ಚು ಹೇಳುವುದಿಲ್ಲ.

ಹುಡುಗನ ವಿಷಯಕ್ಕೆ ಬರುತ್ತೇನೆ.

ಅರ್ಜಿ ವಾಪಸು ಹೋದ ಮೇಲೆ ಅವನು ಬಯಾಪ್ಸಿಯ ಯೋಚನೆ ಬಿಟ್ಟ. ಇನ್ನೊಬ್ಬ ಡಾಕ್ಟರು, 'ಈ ವಯಸ್ಸಿಗೆ, ಈ ದೇಶದಲ್ಲಿ, ಕುತ್ತಿಗೆಯ ಗಂಟು ಎಂದರೆ ಟಿಬಿಯೇ' ಎಂದು ಪರೀಕ್ಷೆ ಇಲ್ಲದೆ ಟಿಬಿ ಮಾತ್ರೆ ಶುರುಮಾಡಿದರು. ಆ ಡಾಕ್ಟರ ಊಹೆ ಮೂರ್ಖತನದ್ದಲ್ಲ. ನಮ್ಮಲ್ಲಿ ತಿಂಗಳುಗಟ್ಟಲೆ ಉಳಿಯುವ ಕುತ್ತಿಗೆ ಗಂಟಿಗೆ ಕ್ಷಯ ಬಹಳ ಸಾಮಾನ್ಯವಾದ ಕಾರಣ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಗಂಡಮಾಲೆ ಎಂಬ ಹೆಸರಿದೆ, ಕೊರಳಿಗೆ ಮಾಲೆ ಹಾಕಿದಂತೆ ಸಾಲಾಗಿ ಗಂಟು. ಇಂಗ್ಲೆಂಡಿನಲ್ಲಿ ಇದನ್ನು ರಾಜ ಮುಟ್ಟಿದರೆ ವಾಸಿಯಾಗುತ್ತದೆ ಎಂದು ನಂಬಿದ್ದರು. ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್‌ನನ್ನು ಮಗುವಾಗಿದ್ದಾಗ, 1712ರಲ್ಲಿ, ರಾಣಿ ಆನ್ ಮುಟ್ಟಿದಳು. ವಾಸಿಯಾಗಲಿಲ್ಲ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ.

ಊಹೆ ತಪ್ಪಲ್ಲ, ಆದರೆ ಊಹೆಯ ಮೇಲೆ ಆರು ತಿಂಗಳ ಮಾತ್ರೆ ಶುರುಮಾಡಿದ್ದು ತಪ್ಪು. ಅದರ ಜೊತೆಗೆ ಇನ್ನೊಂದು ಸಣ್ಣ ಬಿಳಿ ಮಾತ್ರೆಯೂ ಇತ್ತು. ಅದು ಸ್ಟೆರಾಯ್ಡು. ಹತ್ತು ದಿನದಲ್ಲಿ ಜ್ವರ ನಿಂತಿತು, ಗಂಟು ಅರ್ಧಕ್ಕೆ ಇಳಿಯಿತು. ದೀಪಾವಳಿಗೆ ಅವನು ನನಗೆ ಫೋನು ಮಾಡಿ, 'ಸರ್, ಟಿಬಿ ಅಂತೆ, ಕಡಿಮೆ ಆಗಿದೆ, ಎಂತ ನೋವೂ ಇಲ್ಲ' ಎಂದ. ನನಗೂ ಸಮಾಧಾನವಾಯಿತು. ಸಂಘದ ಹಣವೂ ಉಳಿಯಿತು ಎಂದು ಮನಸ್ಸಿನ ಮೂಲೆಯಲ್ಲಿ ಅನ್ನಿಸಿದ್ದು ಸುಳ್ಳಲ್ಲ.

ಈಗ ಕೇಳಿಸಿಕೊಳ್ಳಿ, ಇದು ಮುಖ್ಯ. ಸ್ಟೆರಾಯ್ಡು ಕೊಟ್ಟರೆ ಲಿಂಫೋಮಾ ಎಂಬ ಗ್ರಂಥಿಯ ಕ್ಯಾನ್ಸರೂ ಸ್ವಲ್ಪ ದಿನ ಕರಗುತ್ತದೆ. ಕಾಯಿಲೆ ಹೋಗುವುದಿಲ್ಲ, ಅಡಗುತ್ತದೆ. ಆ ಹೊತ್ತಿನಲ್ಲಿ ಬಯಾಪ್ಸಿ ಮಾಡಿದರೂ ಪ್ರಯೋಗಾಲಯದವರಿಗೆ ಸರಿಯಾಗಿ ಕಾಣದೆ ಹೋಗಬಹುದು. ಹಾಗೆಯೇ ಕೆಮ್ಮಿಗೂ ಜ್ವರಕ್ಕೂ ಸುಲಭವಾಗಿ ಬರೆದುಕೊಡುವ ಲೀವೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್ ಟಿಬಿಯನ್ನು ಅರೆಬರೆ ಅದುಮಿ ಪರೀಕ್ಷೆಯಲ್ಲಿ ಸಿಗದಂತೆ ಮಾಡಬಲ್ಲದು. ಕಾರಣ ತಿಳಿಯದ ಗಂಟಿಗೆ, 'ಇದು ಸ್ಟೆರಾಯ್ಡಾ ಡಾಕ್ಟ್ರೇ?' ಎಂದು ಕೇಳುವ ಹಕ್ಕು ನಮಗಿದೆ. ಗುಜರಾತಿಯಲ್ಲಿ ಕೇಳಲು ಬಾರದಿದ್ದರೆ ಮಾತ್ರೆಯ ಪಟ್ಟಿ ಫೋಟೋ ತೆಗೆದು ನಮ್ಮ ಸಮಿತಿಗೆ ಕಳಿಸಿ.

ಬಿಳಿ ಮಾತ್ರೆ ನಿಲ್ಲಿಸಿದ ಮೇಲೆ ಗಂಟು ಮರಳಿ ಬಂತು. ಉತ್ತರಾಯಣದ ದಿನ ಎಲ್ಲರೂ ಮಾಳಿಗೆಯ ಮೇಲೆ ಗಾಳಿಪಟ ಬಿಡುತ್ತಿದ್ದಾಗ ಇವನಿಗೆ ಕೈ ಎತ್ತಲು ಆಗುತ್ತಿರಲಿಲ್ಲ, ಕಂಕುಳಲ್ಲೂ ಗಂಟು ಬಂದಿತ್ತು. ತೂಕ ಒಂಬತ್ತು ಕಿಲೋ ಇಳಿದಿತ್ತು. ಕ್ಯಾಂಟೀನಿನ ಯಜಮಾನರು, ಅವರಿಗೆ ನಾವು ಋಣಿಗಳು, ತಾವೇ ಕಾರಿನಲ್ಲಿ ಕೂರಿಸಿಕೊಂಡು ಅಹಮದಾಬಾದಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ನಾನೂ ವಡೋದರಾದಲ್ಲಿ ಹತ್ತಿದೆ. ಹುಡುಗನನ್ನು ನೋಡಿದ್ದು ಅದೇ ಮೊದಲು. ಅರ್ಜಿಯಲ್ಲಿ ಅಂಟಿಸಿದ್ದ ಫೋಟೋಕ್ಕೂ ಆ ಮುಖಕ್ಕೂ ಹೊಂದಾಣಿಕೆ ಆಗಲಿಲ್ಲ. ಬ್ಯಾಂಕಿನಲ್ಲಾಗಿದ್ದರೆ ಗುರುತು ತಾಳೆಯಾಗುತ್ತಿಲ್ಲ ಎಂದು ಚೆಕ್ಕು ತಡೆಯುತ್ತಿದ್ದೆ.

ಅಸಾರವಾದ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ 1972ರಿಂದ ಇರುವ ಗುಜರಾತ್ ಕ್ಯಾನ್ಸರ್ ಮತ್ತು ಸಂಶೋಧನಾ ಸಂಸ್ಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿಯ ಬೆಂಚುಗಳ ಮೇಲೆ ನಾನು ಕಲಿತ ಪಾಠ ಹೇಳುತ್ತೇನೆ. ಮೊದಲು ಎಫ್‌ಎನ್‌ಎಸಿ ಮಾಡಿದರು. ತೆಳ್ಳನೆಯ ಸೂಜಿ ಚುಚ್ಚಿ ಕೆಲವು ಜೀವಕೋಶ ಎಳೆದು ಗಾಜಿನ ಮೇಲೆ ಹರಡಿ ನೋಡುವುದು. ಹತ್ತು ನಿಮಿಷದ ಕೆಲಸ, ಇಂಜೆಕ್ಷನ್ ಚುಚ್ಚಿದಷ್ಟೇ ನೋವು. ಟಿಬಿ ಅಥವಾ ಬಾಯಿಯಿಂದ ಇಳಿದ ಕ್ಯಾನ್ಸರ್ ಆಗಿದ್ದರೆ ಬಹಳ ಸಲ ಇಷ್ಟರಲ್ಲೇ ಗೊತ್ತಾಗುತ್ತದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹುಡುಗನ ದೊಡ್ಡಪ್ಪ ಊರಿನಿಂದ ಫೋನಿನಲ್ಲಿ ಕೂಗಾಡಿದರು. ಆ ಹೆದರಿಕೆಯಿಂದ ಪರೀಕ್ಷೆ ಬಿಡಬಾರದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಆದರೆ ಲಿಂಫೋಮಾಕ್ಕೆ ಸೂಜಿ ಸಾಲದು. ಒಂದು ಊರು ಹೇಗಿದೆ ಎಂದು ತಿಳಿಯಲು ನಾಲ್ಕು ಜನರನ್ನು ಎತ್ತಿಕೊಂಡು ಬಂದರೆ ಆಗುವುದಿಲ್ಲ, ಬೀದಿ, ಮನೆ, ಕಟ್ಟೆ ಎಲ್ಲ ಕಾಣಬೇಕು. ಅದಕ್ಕೆ ಗಂಟನ್ನು ಇಡಿಯಾಗಿ ತೆಗೆಯಬೇಕು. ಅಕ್ಟೋಬರಿನಲ್ಲಿ ಸೂರತ್ತಿನ ಡಾಕ್ಟರು ಚೀಟಿಯಲ್ಲಿ ಬರೆದದ್ದೂ ಅದನ್ನೇ.

ತೆಗೆದ ಗಂಟನ್ನು ಅಲ್ಲಿ ಎರಡು ತುಂಡು ಮಾಡಿದರು. ಒಂದು ಫಾರ್ಮಲಿನ್‌ನಲ್ಲಿ, ಇನ್ನೊಂದು ಬರಿಯ ಸಲೈನ್ ನೀರಿನಲ್ಲಿ. ಯಾಕೆ ಎಂದು ಕೇಳಿದೆ. ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ, ಅದರಲ್ಲಿ ಹಾಕಿದ ತುಂಡಿನಿಂದ ಟಿಬಿ ಬೆಳೆಸಿ ನೋಡಲು ಆಗುವುದಿಲ್ಲ. ಸಲೈನಿನ ತುಂಡು ಕಲ್ಚರಿಗೂ ಸಿಬಿನ್ಯಾಟ್ ಎಂಬ ಯಂತ್ರಕ್ಕೂ ಹೋಗುತ್ತದೆ. ಆ ಯಂತ್ರ ಎರಡು ಗಂಟೆಯಲ್ಲಿ ಟಿಬಿ ಇದೆಯೇ, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎರಡನ್ನೂ ಹೇಳುತ್ತದೆ. ಎಷ್ಟೋ ಕಡೆ ಇಡೀ ಗಂಟನ್ನು ಫಾರ್ಮಲಿನ್ ಡಬ್ಬಿಗೆ ಹಾಕಿ ರೋಗಿಯ ಕೈಗೆ ಕೊಟ್ಟುಬಿಡುತ್ತಾರೆ. ಆಮೇಲೆ ಸಂಶಯ ಬಂದರೆ ಇನ್ನೊಂದು ಗಂಟು ಕೊಯ್ಯಬೇಕು. ನಿಮ್ಮವರಿಗೆ ಯಾರಿಗಾದರೂ ಬಯಾಪ್ಸಿ ಆಗುವಾಗ, ಬಾಗಿಲ ಹೊರಗೆ ನಿಂತವರು ಕೇಳಬೇಕಾದ ಒಂದೇ ಪ್ರಶ್ನೆ: 'ಒಂದು ತುಂಡು ಸಲೈನಿನಲ್ಲಿ ಹಾಕಿದ್ದೀರಾ?'

ವರದಿ ಫೆಬ್ರವರಿ ಮಧ್ಯಕ್ಕೆ ಬಂತು. ಟಿಬಿ ಇಲ್ಲ. ಹಾಜ್‌ಕಿನ್ ಲಿಂಫೋಮಾ, ಮೂರನೆಯ ಹಂತ.

ಆಮೇಲೆ ನಾನು ಓದಿ ತಿಳಿದ ಒಂದು ಸಂಗತಿ. ಥಾಮಸ್ ಹಾಜ್‌ಕಿನ್ ಎಂಬ ಲಂಡನ್ನಿನ ವೈದ್ಯ ಈ ರೋಗವನ್ನು 1832ರಲ್ಲಿ ವರ್ಣಿಸಿದ. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಎಂಬಾತ ಇದರ ವಿಚಿತ್ರ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೂ ಇದು ಕ್ಷಯದ್ದೇ ಒಂದು ಬಗೆ ಎಂದುಕೊಂಡ. ಅದು ಕ್ಷಯವಲ್ಲ, ಬೇರೆಯೇ ರೋಗ ಎಂದು 1902ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಡೊರೊಥಿ ರೀಡ್ ಎಂಬ ಯುವ ವೈದ್ಯೆ. ಹೆಣ್ಣು ಎಂಬ ಕಾರಣಕ್ಕೆ ಅಲ್ಲಿ ಮುಂದೆ ಬಡ್ತಿಯ ದಾರಿ ಇಲ್ಲ ಎಂದು ತಿಳಿದು ಅವರು ಆ ಕೆಲಸ ಬಿಟ್ಟರು. ನೂರಿಪ್ಪತ್ತು ವರ್ಷದ ಹಿಂದೆ ಬಿಡಿಸಿಟ್ಟ ತೊಡಕಿನಲ್ಲಿ ನಮ್ಮ ಹುಡುಗ ನಾಲ್ಕು ತಿಂಗಳು ಸಿಕ್ಕಿಕೊಂಡಿದ್ದ.

ಹಾಜ್‌ಕಿನ್ ಲಿಂಫೋಮಾ ಚೆನ್ನಾಗಿ ಗುಣವಾಗುವ ಕ್ಯಾನ್ಸರುಗಳಲ್ಲಿ ಒಂದು, ಮುಂದುವರಿದ ಹಂತದಲ್ಲೂ. ಹದಿನೈದು ದಿನಕ್ಕೊಮ್ಮೆ ಔಷಧಿ ಏರಿಸಿದರು, ಒಟ್ಟು ಹನ್ನೆರಡು ಸಲ. ಮಾರ್ಚಿನಿಂದ ಆಗಸ್ಟ್‌ವರೆಗೆ. ನಮ್ಮ ಅಹಮದಾಬಾದ್ ಘಟಕದ ಮಹಿಳೆಯರು ಸರದಿಯ ಮೇಲೆ ಗಂಜಿ, ಉಪ್ಪಿನಕಾಯಿ ಕಳಿಸಿದರು. ವಾಸನೆಗೆ ವಾಕರಿಕೆ ಬಂದು ಅವನಿಗೆ ತಿನ್ನಲು ಆದದ್ದು ಅದೊಂದೇ. ಕೊನೆಯ ಸ್ಕ್ಯಾನಿನಲ್ಲಿ ರೋಗ ಕಾಣಲಿಲ್ಲ. ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ ಬರುತ್ತದೆ ಎಂದಿದ್ದರು, ಹಾಗಾಗಿ ಪ್ರತಿ ಸಲದ ತಪಾಸಣೆಗೆ ನಾವೆಲ್ಲ ಉಸಿರು ಬಿಗಿಹಿಡಿಯುತ್ತೇವೆ. ಅಕ್ಟೋಬರಿನಲ್ಲೇ ಗೊತ್ತಾಗಿದ್ದರೆ ಎರಡನೇ ಹಂತದಲ್ಲೋ ಒಂದನೇ ಹಂತದಲ್ಲೋ ಸಿಗುತ್ತಿತ್ತೇ, ಔಷಧಿ ಕಡಿಮೆ ಸಾಕಾಗುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. 'ಅದನ್ನು ಯಾರೂ ಹೇಳಲಾಗದು, ನೀವು ಕೇಳುವುದು ಬಿಡಿ' ಎಂದರು. ಬಿಟ್ಟಿಲ್ಲ.

ಇದನ್ನು ಕೇಳಿ ಗಂಟು ಎಂದರೆ ಕ್ಯಾನ್ಸರ್ ಎಂದು ಯಾರೂ ಮನೆಗೆ ಹೋಗಬೇಡಿ. ಉಲ್ಟಾ ಉದಾಹರಣೆಯೂ ಇದೆ. ಅಹಮದಾಬಾದಿನ ನಮ್ಮ ಒಬ್ಬ ಸದಸ್ಯೆ, ಇವತ್ತು ಇಲ್ಲೇ ಕೂತಿದ್ದಾರೆ, ಅವರ ಒಪ್ಪಿಗೆಯಿಂದ ಹೇಳುತ್ತಿದ್ದೇನೆ. ಕುತ್ತಿಗೆಯಲ್ಲಿ ಮೂರು ಗಂಟು ಒಂದಕ್ಕೊಂದು ಅಂಟಿಕೊಂಡಂತೆ ಬಂದವು. ಕ್ಯಾನ್ಸರೇ ಎಂದು ತಾವೇ ತೀರ್ಮಾನಿಸಿ ಐದು ತಿಂಗಳು ಸೆರಗು ಸುತ್ತಿ ಮುಚ್ಚಿಟ್ಟರು. ಮಗಳ ಮದುವೆ ಮುಗಿಯಲಿ ಎಂದು. ಸೂಜಿ ಪರೀಕ್ಷೆಯಲ್ಲೂ ಸಿಬಿನ್ಯಾಟ್‌ನಲ್ಲೂ ಟಿಬಿ ಎಂದು ಬಂತು. ಆರು ತಿಂಗಳ ಮಾತ್ರೆ, ಸರಕಾರದಿಂದ ಪೂರ್ತಿ ಉಚಿತ. ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಎರಡನೇ ತಿಂಗಳಿನಲ್ಲಿ ಗಂಟು ಕಡಿಮೆಯಾಗುವ ಬದಲು ದೊಡ್ಡದಾಯಿತು. ಔಷಧಿ ಸೋತಿತು ಎಂದು ಬಿಟ್ಟುಬಿಡಲು ಹೊರಟಿದ್ದರು. ಗ್ರಂಥಿಯ ಟಿಬಿಯಲ್ಲಿ ಕೆಲವರಿಗೆ ಹೀಗಾಗುತ್ತದೆ, ಸಾಯುತ್ತಿರುವ ರೋಗಾಣುವಿನ ವಿರುದ್ಧ ದೇಹ ಕೆರಳುವುದರಿಂದ. ಡಾಕ್ಟರು ಪರೀಕ್ಷೆ ಮಾಡಿ ಅದೇ ಮಾತ್ರೆ ಮುಂದುವರಿಸಿದರು, ಗುಣವಾಯಿತು. ರೋಗ ಟಿಬಿಯೇ ಎಂದು ಮೊದಲೇ ಖಚಿತವಾಗಿದ್ದರಿಂದ ಆ ಧೈರ್ಯ ಸಾಧ್ಯವಾಯಿತು. ನಮ್ಮ ಹುಡುಗನ ಡಾಕ್ಟರಿಗೆ ಗಂಟು ದೊಡ್ಡದಾದಾಗ ಅದು ಟಿಬಿಯ ಕೆರಳಿಕೆಯೋ ಬೇರೆ ರೋಗವೋ ಎಂದು ಹೇಳಲು ಕೈಯಲ್ಲಿ ಏನೂ ಇರಲಿಲ್ಲ.

ಟಿಬಿ ಎಂದು ನಾಚಿಕೊಳ್ಳುವವರಿಗೆ ಒಂದು ಮಾತು. ಇದರ ವಿರುದ್ಧದ ಕೆಲಸದಲ್ಲಿ ನಮ್ಮ ಎರಡೂ ರಾಜ್ಯಗಳ ಪಾಲಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು, ದೇಶದ ಕ್ಷಯ ಕಾರ್ಯಕ್ರಮ ರೂಪುಗೊಂಡದ್ದು ಅಲ್ಲಿ. 1993ರಲ್ಲಿ ಪರಿಷ್ಕೃತ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಆರಂಭಿಸಿದ ಕೆಲವೇ ಸ್ಥಳಗಳಲ್ಲಿ ಗುಜರಾತಿನ ಮೆಹ್ಸಾಣಾ ಒಂದು. ಗ್ರಂಥಿಯ ಟಿಬಿ ಮಾತ್ರ ಇದ್ದು ಶ್ವಾಸಕೋಶದಲ್ಲಿ ಇಲ್ಲದಿದ್ದರೆ ಅದು ಗಾಳಿಯಲ್ಲಿ ಇನ್ನೊಬ್ಬರಿಗೆ ಹರಡುವುದಿಲ್ಲ. ಆ ಸದಸ್ಯೆಯ ತಟ್ಟೆ ಲೋಟ ಬೇರೆ ಇಟ್ಟ ಬಂಧುಗಳು ಇದನ್ನು ಕೇಳಿಸಿಕೊಳ್ಳಲಿ.

ಇನ್ನು ಹಣದ ವಿಷಯ, ನನ್ನ ಕಸುಬಿನ ವಿಷಯ.

ಚಿಕಿತ್ಸೆಗೆ ಇವತ್ತು ಸರಕಾರದ ಯೋಜನೆಗಳಿವೆ. 2018ರ ಆಯುಷ್ಮಾನ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಗುಜರಾತ್ ಸರಕಾರ 2023ರಲ್ಲಿ ಇಲ್ಲಿಯ ಕಾರ್ಡುದಾರರಿಗೆ ಅದನ್ನು 10 ಲಕ್ಷ ಮಾಡಿತು. ಹುಡುಗನ ಕಿಮೋ ಖರ್ಚು ಉಡುಪಿ ಜಿಲ್ಲೆಯ ಅವನ ಮನೆಯ ಕಾರ್ಡಿನಲ್ಲೇ ಇಲ್ಲಿ ಆಯಿತು, ಕಾರ್ಡನ್ನು ಊರಿನಿಂದ ತರಿಸಲು ಹನ್ನೊಂದು ದಿನ ಹೋಯಿತು ಅಷ್ಟೆ. ಕಾರ್ಡು ಊರಿನ ಕಪಾಟಿನಲ್ಲಿ ಇಟ್ಟು ಬಂದವರು ಈ ರಜೆಗೆ ಹೋದಾಗ ತಂದಿಟ್ಟುಕೊಳ್ಳಿ. ಆದರೆ ಈ ಯೋಜನೆ ಕೈ ಚಾಚುವುದು ಆಸ್ಪತ್ರೆಗೆ ಸೇರಿದ ಮೇಲೆ. ಸೇರುವ ಹಿಂದಿನ 3 ದಿನದ ಪರೀಕ್ಷೆಗಳು ಅದರಲ್ಲಿ ಬರುತ್ತವೆ, ಬಿಟ್ಟ ನಂತರದ 15 ದಿನ ಬರುತ್ತದೆ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಹೊರರೋಗಿಯಾಗಿ ಅಲೆದು, ಸ್ಕ್ಯಾನು, ಸೂಜಿ, ಬಯಾಪ್ಸಿ, ಅದರ ಮೇಲಿನ ವಿಶೇಷ ಬಣ್ಣದ ಪರೀಕ್ಷೆ ಎಂದು ಆಗುವ ಖರ್ಚು ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಮಗೂ ನನಗೂ ಅದು ದೊಡ್ಡ ಮೊತ್ತವಲ್ಲ. ತಿಂಗಳಿಗೆ 11,000 ಸಂಬಳದಲ್ಲಿ 6,000 ಊರಿಗೆ ಕಳಿಸುವವನಿಗೆ 7,500 ಎಂದರೆ ಗೋಡೆ. ಒಂದು ದಿನದ ರಜೆಯೂ ಅವನಿಗೆ ಖರ್ಚೇ. ಆ ಗೋಡೆಯ ಆಚೆ ಸರಕಾರದ ಲಕ್ಷಗಳಿವೆ, ಈಚೆ ನಮ್ಮ ನಿಯಮ 4 ಇದೆ.

ಹಾಗಾಗಿ ತಿದ್ದುಪಡಿ ತಂದಿದ್ದೇನೆ. ತಪಾಸಣೆಗೆಂದೇ ಪ್ರತ್ಯೇಕವಾಗಿ 3 ಲಕ್ಷ ರೂಪಾಯಿಯ ನಿಧಿ. ಒಬ್ಬರಿಗೆ 10,000ದವರೆಗೆ. ಡಾಕ್ಟರ ಚೀಟಿ ಒಂದೇ ದಾಖಲೆ. ಮೂರು ಊರುಗಳ ಸಮಿತಿ ಸದಸ್ಯರಲ್ಲಿ ಇಬ್ಬರು ಫೋನಿನಲ್ಲಿ ಒಪ್ಪಿದರೆ 48 ಗಂಟೆಯೊಳಗೆ ಹಣ ನೇರ ಪ್ರಯೋಗಾಲಯಕ್ಕೋ ಆಸ್ಪತ್ರೆಗೋ ಹೋಗಬೇಕು. ಸರಕಾರಿ ಆಸ್ಪತ್ರೆಯಲ್ಲಿ ಆಗುವುದಿದ್ದರೆ ಹಣದ ಬದಲು ಜೊತೆಗೆ ಹೋಗಲು ಗುಜರಾತಿ ಬಲ್ಲ ಒಬ್ಬ ಸದಸ್ಯರು. ಇದಕ್ಕೆ ಈಗಾಗಲೇ ಸೂರತ್ತಿನಿಂದ ನಾಲ್ವರು, ಅಹಮದಾಬಾದಿನಿಂದ ಮೂವರು ಹೆಸರು ಕೊಟ್ಟಿದ್ದಾರೆ. ವಡೋದರಾದಿಂದ ಸದ್ಯಕ್ಕೆ ನಾನೊಬ್ಬನೇ, ನನ್ನ ಮೊಣಕಾಲು ಮೆಟ್ಟಿಲು ಹತ್ತಲು ಕೇಳುವುದಿಲ್ಲ, ಇನ್ನೊಬ್ಬರು ಬೇಕು.

ಮೋಸವಾದರೆ ಎಂದು ಕಾರ್ಯಕಾರಿ ಸಮಿತಿಯಲ್ಲಿ ಕೇಳಿದರು. ನಾನಾದರೂ ಅದನ್ನೇ ಕೇಳುತ್ತಿದ್ದೆ. ಆಗಬಹುದು. ಬ್ಯಾಂಕಿನಲ್ಲಿ ದಾಖಲೆಗಳೆಲ್ಲ ಸರಿ ಇದ್ದ ಸಾಲಗಳೂ ಮುಳುಗಿದ್ದನ್ನು ನೋಡಿದ್ದೇನೆ. ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದು ಬಂದರೆ ಹಣ ದಂಡವಲ್ಲವೇ ಎಂದೂ ಇನ್ನೊಬ್ಬರು ಕೇಳಿದರು. ಏನೂ ಇಲ್ಲ ಎಂದು ತಿಳಿದು ಒಬ್ಬ ತಾಯಿ ಆ ರಾತ್ರಿ ನಿದ್ದೆ ಮಾಡುವುದಕ್ಕೆ ನಾನು ಯಾವ ಬಾಬ್ತಿನಲ್ಲಿ ಖರ್ಚು ಹಾಕಬೇಕೋ ಅದನ್ನು ಲೆಕ್ಕಪರಿಶೋಧಕರೇ ತಿಳಿಸಲಿ.

ವಾಪಸು ಮಾಡಿದ ಆ ಅರ್ಜಿಯ ಜೆರಾಕ್ಸ್ ಪ್ರತಿ ನನ್ನ ಕಡತದಲ್ಲಿದೆ, ಹಳೆಯ ಅಭ್ಯಾಸ. ಕಳೆದ ತಿಂಗಳು ಹುಡುಗ ಬಂದಿದ್ದಾಗ ತೋರಿಸಿದೆ. ನನ್ನ ಸಹಿಯನ್ನು ಸ್ವಲ್ಪ ಹೊತ್ತು ನೋಡಿ, 'ಸರ್, ಇದು ಈಗ ಪಾಸಾಗ್ತದಾ?' ಎಂದು ನಕ್ಕ. ನಗಲು ನನ್ನಿಂದ ಆಗಲಿಲ್ಲ.

ತಿದ್ದುಪಡಿಯ ಕರಡು ನಿಮ್ಮ ಕುರ್ಚಿಯ ಮೇಲಿಟ್ಟ ಹಳದಿ ಹಾಳೆಯಲ್ಲಿದೆ. ನಿಧಿಗೆ ನನ್ನ ಹೆಸರಿನಲ್ಲಿ ಮೊದಲ ರಶೀದಿ 7,500ಕ್ಕೆ ಹರಿದಾಗಿದೆ. ರಶೀದಿ ಪುಸ್ತಕ ಊಟದ ಹಾಲಿನ ಬಾಗಿಲಲ್ಲಿ ಇದೆ, ಅಲ್ಲಿ ಚೆಕ್ಕೂ ಆಗುತ್ತದೆ, ಫೋನಿನಲ್ಲಿ ಕಳಿಸಿದರೂ ಆಗುತ್ತದೆ. ಅಧ್ಯಕ್ಷರ ಅಪ್ಪಣೆಯಿಂದ ಹಳೆಯ ನಿಯಮ 4ನ್ನು ರದ್ದುಮಾಡಿ ಹೊಸದನ್ನು ಸೇರಿಸುವ ಠರಾವನ್ನು ನಾನು ಸೂಚಿಸುತ್ತಿದ್ದೇನೆ. ಅನುಮೋದಿಸುವವರು ದಯವಿಟ್ಟು ಎದ್ದು ನಿಂತು ಹೆಸರು ಹೇಳಿ, ಕಾರ್ಯದರ್ಶಿಗಳು ಬರೆದುಕೊಳ್ಳುತ್ತಾರೆ.